ಹಾಳಾದ ಬಟ್ಟೆ ಯಾವ ಮೇಜಿಗೆ

ಹೊಲಿಗೆ ತರಬೇತಿ ಕೇಂದ್ರದ ಹುಡುಗಿಯರು ತಮ್ಮ ಟೀಚರಿಗೆ ಒಂದು ಅಡ್ಡಹೆಸರಿಟ್ಟಿದ್ದರು. ಅದು ಟೀಚರಿಗೆ ಗೊತ್ತಿಲ್ಲ ಎಂದು ನಂಬಿಯೂ ಇದ್ದರು. ಗೊತ್ತಿಲ್ಲದೆ ಏನು, ಚೆನ್ನಾಗಿಯೇ ಗೊತ್ತಿತ್ತು. ಕಾಲಿಂಚು ಟೀಚರ್. ಕಾಲರ್ ಕಾಲು ಇಂಚು ಉದ್ದವಾದರೂ ಬಿಚ್ಚಿಸುವವರು, ಗಿಡ್ಡವಾದರೂ ಬಿಚ್ಚಿಸುವವರು, ಸರಿಯಾಗಿದ್ದರೆ ಮಾತ್ರ ತುಟಿ ಪಿಟಕ್ಕೆನ್ನದೆ ಮುಂದಿನ ಮಷಿನ್ನಿಗೆ ಹೋಗುವವರು. ಇಪ್ಪತ್ನಾಲ್ಕು ವರ್ಷದಿಂದ ಹೀಗೇ ಪಾಠ ಹೇಳಿಕೊಂಡು ಬಂದಿದ್ದರು. ಹೊಗಳಿದರೆ ಕೈ ಸಡಿಲವಾಗುತ್ತದೆ ಎನ್ನುವುದು ಅವರ ಸಿದ್ಧಾಂತ. "ನನ್ನ ಕೋಣೇಲಿ ಬಟ್ಟೆ ಹಾಳಾಗಲ್ಲ" ಎಂದು ಮ್ಯಾನೇಜರ ಮುಂದೆ ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಎದುರು ಕೋಣೆಗೆ ಹೊಸ ಮಿಸ್ ಬಂದಾಗ.

ಹೊಸಬಳೇನೂ ಅಲ್ಲ. ಹನ್ನೆರಡು ವರ್ಷದ ಹಿಂದೆ ಇದೇ ಟೀಚರ ಕೋಣೆಯಲ್ಲಿ, ಕಿಟಕಿ ಪಕ್ಕದ ಮಷಿನ್ನಿನಲ್ಲಿ ಕೂತು ದಿನಕ್ಕೆ ಮೂರು ಸೂಜಿ ಮುರಿಯುತ್ತಿದ್ದ ಹುಡುಗಿ. "ನಿನಗೆ ಹೊಲಿಗೆ ಬರಲ್ಲ ಕಣಮ್ಮ, ಬೇರೆ ಏನಾದ್ರೂ ನೋಡ್ಕೋ" ಎಂದು ಟೀಚರ್ ತುಂಬಿದ ತರಗತಿಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಹುಡುಗಿ ಬೇರೆ ಏನನ್ನೂ ನೋಡಿಕೊಳ್ಳಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ದುಡಿದು, ಡಿಪ್ಲೊಮಾ ಮುಗಿಸಿ, ಈಗ ಅದೇ ಕೇಂದ್ರಕ್ಕೆ ಪಾಠ ಹೇಳಲು ಬಂದು, ಎದುರುಬದುರು ಕೋಣೆಯಲ್ಲಿ ನಿಂತಿದ್ದಳು.

ಬಂದ ಮೊದಲ ದಿನವೇ ಕಪ್ಪುಹಲಗೆಯ ಪಕ್ಕ ಮೊಳೆ ಹೊಡೆದು ಒಂದು ಹಳೆಯ ಅಂಗಿ ನೇತುಹಾಕಿದಳು. ಅದರ ಎರಡು ತೋಳೂ ಎಡಗೈಯವು. ತೋಳಿಗೆ ಮುಂದೆ ಬೇರೆ ತಿರುವು, ಹಿಂದೆ ಬೇರೆ ತಿರುವು. ಒಂದನ್ನು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಒಂದೇ ಕೈಗಾಗುತ್ತವೆ, ಬಟ್ಟೆ ಹೋದಂತೆಯೇ. ಹೊಲಿಗೆಯವರು ಮಾತ್ರ ಮಾಡಬಲ್ಲ ತಪ್ಪು. "ಇದು ನಾನೇ, ಈ ಕೇಂದ್ರದಲ್ಲೇ ಹಾಳು ಮಾಡಿದ್ದು. ನೀವು ಇದಕ್ಕಿಂತ ಚೆನ್ನಾಗಿ ಹಾಳು ಮಾಡಿ ತೋರಿಸಿ ನೋಡೋಣ" ಎಂದಳಂತೆ ಹೊಸ ಮಿಸ್. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಆ ನಗು ಕಾರಿಡಾರು ದಾಟಿ ಬಂದು ಟೀಚರ ಬೆನ್ನಿಗೆ ಬಡಿಯಿತು.

ಅವತ್ತಿನಿಂದ ಟೀಚರಿಗೆ ಹೊಟ್ಟೆ ಉರಿ ಶುರು. ಎದುರು ಕೋಣೆಯಲ್ಲಿ ಯಾರು ನಕ್ಕರೂ ಅವರಿಗೆ ಲೆಕ್ಕ. ಹೊಸ ಮಿಸ್ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಹುಡುಗಿಯರ ನಡುವೆ ಕೂತು ಡಬ್ಬಿ ಬಿಚ್ಚಿದರೆ ಇವರಿಗೆ ತುತ್ತು ಇಳಿಯುತ್ತಿರಲಿಲ್ಲ. "ಮೇಷ್ಟ್ರು ಅಂದ್ರೆ ಮೇಷ್ಟ್ರ ಹಾಗಿರಬೇಕು, ಗೆಳತಿ ಹಾಗಲ್ಲ" ಎಂದು ಗೊಣಗುತ್ತಿದ್ದರು. ಹಾಗೆ ಗೊಣಗುತ್ತಲೇ ಕಿಟಕಿಯ ಬಳಿ ಹೋಗಿ, ಇವತ್ತು ಯಾರು ಯಾರು ಅವಳ ಪಕ್ಕ ಕೂತಿದ್ದಾರೆ ಎಂದು ನೋಡಿಯೂ ಬರುತ್ತಿದ್ದರು.

ಗಾಯಕ್ಕೆ ಉಪ್ಪು ಸವರಲು ಮನೆಯಲ್ಲಿ ಯಜಮಾನರಿದ್ದರು. ಹೊಲಿಗೆ ಮಷಿನ್ನು ರಿಪೇರಿ ಅವರ ಕಸುಬು, ಶನಿವಾರ ಶನಿವಾರ ಕೇಂದ್ರಕ್ಕೆ ಬಂದು ಎರಡೂ ಕೋಣೆಯ ಮಷಿನ್ನುಗಳಿಗೆ ಎಣ್ಣೆ ಬಿಟ್ಟು ಹೋಗುತ್ತಿದ್ದರು.

"ಆ ಹುಡುಗಿ ಚುರುಕು ಕಣೆ" ಎಂದರು ಒಂದು ಸಂಜೆ. "ಯಾರ ಕಾಲಿಗೆ ಪೆಡಲ್ ಎಟುಕಲ್ಲ ಅಂತ ಕೂಡ ಗೊತ್ತು ಅವಳಿಗೆ. ನಂಗೆ ಪಟ್ಟಿ ಮಾಡ್ಕೊಟ್ಟಳು."

"ಎಟುಕದಿದ್ರೆ ಕಾಲು ಬೆಳೆಸ್ಕೊಳ್ಲಿ."

"ನಿನ್ನ ಶಿಷ್ಯೆ ಅಲ್ವಾ, ನಿಂಗೆ ಖುಷಿ ಆಗ್ಬೇಕಪ್ಪ."

"ಆಗ್ತಾ ಇದೆ. ಉಕ್ಕಿ ಹರೀತಾ ಇದೆ."

ಅವತ್ತು ಯಜಮಾನರ ಟೀಗೆ ಸಕ್ಕರೆ ಬೀಳಲಿಲ್ಲ. ಅವರು ಕೇಳಲೂ ಇಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟಾದರೂ ಕಲಿತಿದ್ದರು.

ಹೀಗಿರುವಾಗ ಮ್ಯಾನೇಜರು ಇಬ್ಬರನ್ನೂ ಕರೆದು ಹೊಸ ನಿಯಮ ಹೇಳಿದರು. ಮುಂದಿನ ಅವಧಿಗೆ ಯಾವ ಕೋಣೆ ಬೇಕು ಎಂದು ವಿದ್ಯಾರ್ಥಿನಿಯರೇ ಚೀಟಿಯಲ್ಲಿ ಬರೆದುಕೊಡಬೇಕು. ಹನ್ನೆರಡಕ್ಕಿಂತ ಕಡಿಮೆ ಜನ ಕೇಳಿದ ಕೋಣೆ ಮುಚ್ಚುತ್ತದೆ. ಆ ಕೋಣೆಯವರು ಉಗ್ರಾಣ ನೋಡಿಕೊಳ್ಳಬೇಕು, ಅಂದರೆ ದಾರ, ಗುಂಡಿ, ಬಟ್ಟೆ ತೆಗೆದುಕೊಡುವ ಕೆಲಸ. ಮ್ಯಾನೇಜರು ಇಬ್ಬರ ಮುಖ ನೋಡಿಯೇ ಹೇಳಿದರು. ಆದರೆ ಟೀಚರಿಗೆ ಅವರು ತಮ್ಮನ್ನು ಮಾತ್ರ ನೋಡಿದಂತೆನಿಸಿತು. ದಾರದುಂಡೆಗಳ ನಡುವೆ ತಾವು, ಎದುರಿನಲ್ಲಿ ಮೂವತ್ತೆಂಟು ಹುಡುಗಿಯರ ನಡುವೆ ಅವಳು!

ಮರುದಿನ ಟೀಚರ್ ಒಂದು ಪ್ರಯೋಗಕ್ಕೆ ಕೈಹಾಕಿದರು. ಎದುರು ಕೋಣೆಯ ಬೆಣ್ಣೆ ಮಾತು ತಮಗೇನು ಬರುವುದಿಲ್ಲವೇ? ಮೊದಲ ಸಾಲಿನ ಹುಡುಗಿಯ ಮಷಿನ್ನಿನ ಪಕ್ಕ ನಿಂತು, ಆದಷ್ಟು ಮೆತ್ತಗೆ, "ಏನಮ್ಮ, ಮನೇಲಿ ಎಲ್ಲ ಚೆನ್ನಾಗಿದ್ದಾರಾ?" ಎಂದು ಕೇಳಿದರು.

ಹುಡುಗಿಯ ಕೈಯಿಂದ ಬಟ್ಟೆ ಜಾರಿತು. "ಟೀಚರ್, ಏನಾಯ್ತು ಟೀಚರ್? ಮನೆಯಿಂದ ಫೋನ್ ಬಂತಾ? ನಮ್ಮಮ್ಮಂಗೆ ಏನಾದ್ರೂ..." ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು. ಅವಳನ್ನು ನೋಡಿ ಪಕ್ಕದವಳೂ ಅಳುವುದಕ್ಕೆ ಸಿದ್ಧಳಾದಳು. ಏನೂ ಆಗಿಲ್ಲ, ಸುಮ್ಮನೆ ಕೇಳಿದೆ ಎಂದು ನಂಬಿಸಲು ಟೀಚರಿಗೆ ಕಾಲು ಗಂಟೆ ಹಿಡಿಯಿತು. ಸುಮ್ಮನೆ ಕೇಳುವ ಟೀಚರ್ ಯಾರಿಗೂ ಗೊತ್ತಿರಲಿಲ್ಲ. ಪ್ರಯೋಗ ಅಲ್ಲಿಗೆ ಮುಗಿಯಿತು.

ಅವರ ಕೋಣೆಯಲ್ಲಿ ಕನ್ನಡಕದ ಹುಡುಗಿ ಎಂದೊಬ್ಬಳಿದ್ದಳು. ಮಾತು ಕಡಿಮೆ, ಕೈ ಬಂಗಾರದಂಥದ್ದು. ಇಪ್ಪತ್ನಾಲ್ಕು ವರ್ಷದಲ್ಲಿ ಅಂಥ ಕೈ ಇನ್ನೊಂದು ಬಂದಿರಲಿಲ್ಲ. ಟೀಚರ್ ಅದನ್ನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ, ಹೇಳಬಾರದು ಎಂದೇ. ಆದರೆ ಬೇರೆಯವರಿಗಿಂತ ಒಂದು ಗಳಿಗೆ ಹೆಚ್ಚು ಅವಳ ಮಷಿನ್ನಿನ ಪಕ್ಕ ನಿಲ್ಲುತ್ತಿದ್ದರು, ಅಷ್ಟೇ ಅವರ ಪ್ರೀತಿ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದೇ ಹುಡುಗಿ ಏನನ್ನೋ ಎದೆಗೆ ಅವುಚಿಕೊಂಡು ಎದುರು ಕೋಣೆಗೆ ನುಸುಳುವುದು ಕಂಡಿತು. ಟೀಚರ್ ಡಬ್ಬಿ ಮುಚ್ಚಿಟ್ಟು ಹಿಂದೆಯೇ ಹೋದರು. ಬಾಗಿಲಲ್ಲಿ ನಿಂತು ನೋಡಿದರೆ ಅವಳೊಬ್ಬಳೇ ಅಲ್ಲ, ತಮ್ಮ ಕೋಣೆಯ ಐದು ಜನ! ಹೊಸ ಮಿಸ್ಸಿನ ಮೇಜಿನ ಸುತ್ತ ಕೂತು, ತಿರುಚಿದ ಕಾಲರು, ಗಿಡ್ಡವಾದ ಪಟ್ಟಿ, ಸುಟ್ಟ ಜೇಬು ಹರಡಿಕೊಂಡು ಬಿಚ್ಚುತ್ತಿದ್ದಾರೆ, ಸರಿಮಾಡುತ್ತಿದ್ದಾರೆ. ಒಬ್ಬಳು ಹಾಡು ಗುನುಗುತ್ತಿದ್ದಾಳೆ ಬೇರೆ. ತಮ್ಮ ಕೋಣೆಯಲ್ಲಿ ಕೆಮ್ಮಲೂ ಹೆದರುವವಳು ಅವಳು.

ಟೀಚರಿಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ತಮ್ಮ ಕೋಣೆಯಲ್ಲಿ ಬಟ್ಟೆ ಹಾಳಾಗುತ್ತಿರಲಿಲ್ಲ ಎಂದಲ್ಲ, ಹಾಳಾದದ್ದೆಲ್ಲ ಇಲ್ಲಿಗೆ ಬರುತ್ತಿತ್ತು.

ಹುಡುಗಿಯರು ಅವರನ್ನು ಕಂಡು ದಡಬಡ ಎದ್ದು, ಬಟ್ಟೆ ಬೆನ್ನಹಿಂದೆ ಮುಚ್ಚಿಟ್ಟುಕೊಂಡು ಗೋಡೆಗೆ ಅಂಟಿಕೊಂಡು ಹೊರಟುಹೋದರು.

"ನನ್ನ ಹುಡುಗೀರಿಗೆ ಪಾಠ ಹೇಳೋಕೆ ನಿನಗೆ ಯಾರಮ್ಮ ಹೇಳಿದ್ದು?" ಟೀಚರ್ ಬಾಗಿಲಲ್ಲೇ ನಿಂತು ಕೇಳಿದರು.

"ನಿಮ್ಮ ಪಾಠಾನೇ ಹೇಳ್ತಿದ್ದೀನಿ ಟೀಚರ್, ನಂಗೆ ಬೇರೆ ಗೊತ್ತಿಲ್ಲ" ಎಂದಳು ಹೊಸ ಮಿಸ್, ಎದ್ದು ನಿಂತು. "ನಿಮಗೇ ತೋರಿಸಿ ಅಂತ ಎಷ್ಟೋ ಸಲ ಹೇಳಿ ಕಳಿಸ್ದೆ. ಬಾಗಿಲವರೆಗೆ ಹೋಗಿ ವಾಪಸ್ ಬರ್ತಾರೆ. ನಾನೂ ಹಾಗೇ ಮಾಡಿದ್ದೆ. ಆ ಅಂಗಿ ಹಿಡ್ಕೊಂಡು ಮೂರು ದಿನ ನಿಮ್ಮ ಬಾಗಿಲಿಗೆ ಬಂದೆ."

"ಬಂದು ಹೇಳ್ಬೇಕಿತ್ತು."

"ಹೇಳ್ಬೇಕಿತ್ತು" ಎಂದು ಅವಳು ಒಪ್ಪಿಕೊಂಡಳು. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ಟೀಚರಿಗೆ ಇನ್ನಷ್ಟು ಉರಿಸಿತು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದ ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದರು. ಬೇರೆ ಕೋಣೆಯ ಕೆಲಸಕ್ಕೆ ಅವಳು ಕೈಹಾಕುತ್ತಾಳೆ, ನಾಳೆ ಪರೀಕ್ಷೆಯಲ್ಲಿ ಯಾವುದು ಯಾರ ಹೊಲಿಗೆ ಎಂದು ಹೇಳುವುದು, ಶಿಸ್ತು ಎನ್ನುವುದು ಬೇಡವೇ ಎಂದು ದೂರಿದರು. ಒಂದೊಂದು ಮಾತೂ ನ್ಯಾಯವಾಗಿಯೇ ಇತ್ತು. ಆ ನ್ಯಾಯದ ತಳದಲ್ಲಿ ಇದ್ದದ್ದು ಮಾತ್ರ ಬರೀ ಹೊಟ್ಟೆಕಿಚ್ಚು. ಅದು ಟೀಚರಿಗೂ ಗೊತ್ತಿತ್ತು. ರಗಳೆ ಎಂದರೆ ಆಗದ ಮ್ಯಾನೇಜರು, ಒಂದು ಕೋಣೆಯವರು ಇನ್ನೊಂದು ಕೋಣೆಗೆ ಕಾಲಿಡಕೂಡದು ಎಂದು ಸಂಜೆಯೊಳಗೆ ನೋಟೀಸು ಅಂಟಿಸಿಬಿಟ್ಟರು. ಟೀಚರ್ ಅದನ್ನು ಎರಡು ಸಲ ಓದಿ, ಒಂದು ತಿಂಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು.

ಆ ವಾರವೇ ಪರೀಕ್ಷೆಯ ಅಂಗಿ ಕತ್ತರಿಸುವ ಕೆಲಸ ಬಂತು. ಒಬ್ಬೊಬ್ಬರಿಗೆ ಒಂದೊಂದೇ ತುಂಡು ಬಟ್ಟೆ, ಕೆಟ್ಟರೆ ಇನ್ನೊಂದಿಲ್ಲ. ಬುಧವಾರ ಕತ್ತರಿಸಿದರು. ಗುರುವಾರ ಕನ್ನಡಕದ ಹುಡುಗಿ ಬರಲಿಲ್ಲ. ಶುಕ್ರವಾರವೂ ಇಲ್ಲ. ನೆಗಡಿ ಗಿಗಡಿ ಇರಬೇಕು ಎಂದುಕೊಂಡರು ಟೀಚರ್. ಅವರ ತಲೆಯ ತುಂಬ ಚೀಟಿ. ಶುಕ್ರವಾರ ತಾವೇ ಚೀಟಿ ಹಂಚಿ, ತಾವೇ ಎದುರಿಗೆ ನಿಂತು, ತಾವೇ ಒಂದೊಂದಾಗಿ ತೆಗೆದುಕೊಂಡರು. ಕೋಣೆಯಲ್ಲಿ ಹದಿನೆಂಟು ಜನ ಇದ್ದರು. ಹದಿನೆಂಟು ಚೀಟಿಯಲ್ಲೂ ಅವರದೇ ಕೋಣೆ!

ಅವತ್ತು ಯಜಮಾನರ ಟೀಗೆ ಎರಡು ಚಮಚ ಸಕ್ಕರೆ. "ಬೆಣ್ಣೆ ಹಚ್ಚೋದು ಬೇರೆ, ವಿದ್ಯೆ ಬೇರೆ. ಹುಡುಗೀರಿಗೆ ಗೊತ್ತಾಗುತ್ತೆ ಬಿಡಿ" ಎಂದರು ಟೀಚರ್. ಯಜಮಾನರು ಸಿಹಿ ಟೀ ಕುಡಿಯುತ್ತ, "ಚೀಟಿ ಬರೀವಾಗ ನೀನೆಲ್ಲಿದ್ದೆ?" ಎಂದಷ್ಟೇ ಕೇಳಿದರು. ಟೀಚರ್ ಲೋಟ ತೊಳೆಯಲು ಎದ್ದು ಹೋದರು.

ಮರುದಿನ ಶನಿವಾರ. ಯಜಮಾನರು ಮಷಿನ್ನುಗಳಿಗೆ ಎಣ್ಣೆ ಬಿಡುತ್ತ ಕನ್ನಡಕದ ಹುಡುಗಿಯ ಮಷಿನ್ನಿನ ಬಳಿ ಬಂದರು. ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಎಳೆದಾಗ ಒಳಗಿನಿಂದ ಮುದ್ದೆ ಮಾಡಿದ ಬಟ್ಟೆ ಹೊರಗೆ ಬಿತ್ತು. ಅವರು ಅದನ್ನು ಮೇಜಿನ ಮೇಲೆ ಹರಡಿ ಕೈಯಿಂದ ಸವರಿದರು.

"ಇಲ್ಲಿ ನೋಡು. ಎರಡೂ ಎಡಗೈ ತೋಳು."

ಟೀಚರ್ ನೋಡಿದರು. ಎರಡು ತೋಳಿಗೂ ಅಂಚು ಸುಂದರವಾಗಿ ಮಡಿಸಿತ್ತು, ಒಂದು ನೂಲೂ ಅಡ್ಡ ಹೋಗಿರಲಿಲ್ಲ. ತಪ್ಪಾಗಿದೆ ಎಂದು ಗೊತ್ತಾದ ಮೇಲೂ ಆ ಹುಡುಗಿ ಕೂತು, ಏನಾದರೂ ಮಾಡಿ ಸರಿಹೋದೀತೇ ಎಂದು ಕೊನೆಯವರೆಗೂ ಹೊಲಿದಿದ್ದಳು. ಎದುರು ಕೋಣೆಗೆ ಹೋಗುವಂತಿರಲಿಲ್ಲ. ಇವರ ಮೇಜು ಆರು ಹೆಜ್ಜೆ ದೂರದಲ್ಲಿತ್ತು. ಆ ಆರು ಹೆಜ್ಜೆ ನಡೆಯುವುದಕ್ಕಿಂತ ಕಲಿಯುವುದನ್ನೇ ಬಿಡುವುದು ಅವಳಿಗೆ ಸುಲಭವೆನಿಸಿತ್ತು. ಟೀಚರ್ ಆ ಹುಡುಗಿಯ ಸ್ಟೂಲಿನ ಮೇಲೇ ಕೂತುಬಿಟ್ಟರು.

ಹುಡುಗಿಯ ಮನೆ ಸೈಕಲ್ ಅಂಗಡಿಯ ಮಹಡಿಯಲ್ಲಿ. ಅವಳ ಅಮ್ಮ ಬಾಗಿಲು ತೆರೆದು, "ಬನ್ನಿ ಟೀಚರ್, ಇವಳು ಇನ್ನು ಬರಲ್ಲ ಅಂತ ಕೂತಿದ್ದಾಳೆ. ಯಾಕೆ ಅಂತ ಬಾಯಿ ಬಿಡ್ತಿಲ್ಲ" ಎಂದರು. ಹುಡುಗಿ ಒಳಬಾಗಿಲಿಗೆ ಒರಗಿ ನಿಂತಿದ್ದಳು. ಕನ್ನಡಕ ತೆಗೆದಿದ್ದಳು, ಕಣ್ಣು ಊದಿತ್ತು.

ದಾರಿಯುದ್ದಕ್ಕೂ ಟೀಚರ್ ಒಂದು ಸುಳ್ಳು ಕಟ್ಟಿಕೊಂಡು ಬಂದಿದ್ದರು. ನಾನೂ ಚಿಕ್ಕಂದಿನಲ್ಲಿ ಎರಡು ಎಡತೋಳು ಕತ್ತರಿಸಿದ್ದೆ ಎಂದು ಹೇಳಿಬಿಡಬೇಕು, ಹೊಸ ಮಿಸ್ ಹಾಗೆ. ಬಾಯಿ ತೆರೆದರೆ ಬರಲಿಲ್ಲ. ಅವರು ಒಂದು ದಿನವೂ ಹಾಗೆ ಕತ್ತರಿಸಿರಲಿಲ್ಲ.

"ತೋಳು ನೋಡಿದೆ" ಎಂದರು.

ಹುಡುಗಿ ತಲೆ ತಗ್ಗಿಸಿದಳು. "ಬಟ್ಟೆ ತಂದ್ಕೊಡ್ತೀನಿ ಟೀಚರ್."

"ಬಟ್ಟೆಗೆ ಬೆಂಕಿ ಹಾಕು. ಇಲ್ಲಿ ಕೇಳು. ಎದುರು ಕೋಣೆಗೆ ನೀವು ಹೋಗದ ಹಾಗೆ ಮಾಡಿದ್ದು ನಾನು. ಶಿಸ್ತು ಗಿಸ್ತು ಏನೂ ಅಲ್ಲ. ನೀವೆಲ್ಲ ಅವಳ ಹತ್ರ ಹೋಗ್ತೀರಲ್ಲ, ನನ್ನ ಹತ್ರ ಯಾರೂ ಬರಲ್ವಲ್ಲ ಅಂತ ಹೊಟ್ಟೆಕಿಚ್ಚು. ಅದಕ್ಕೇ ದೂರು ಕೊಟ್ಟೆ. ನೀನು ಹಾಳು ಮಾಡಿದ್ದು ಎರಡು ತೋಳು. ನಾನು ಹಾಳು ಮಾಡಿದ್ದು ಅದಕ್ಕಿಂತ ದೊಡ್ಡದು."

ಹುಡುಗಿಯ ಅಮ್ಮ ಕುರ್ಚಿ ತಂದಿಟ್ಟರು. ಟೀಚರ್ ಕೂರಲಿಲ್ಲ. ಮೆಟ್ಟಿಲು ಇಳಿಯುವ ಮೊದಲು, ಇಪ್ಪತ್ನಾಲ್ಕು ವರ್ಷ ಯಾರಿಗೂ ಹೇಳದ ಮಾತನ್ನು, ಬೈಯುವ ದನಿಯಲ್ಲೇ ಹೇಳಿದರು: "ನಿನ್ನಂಥ ಕೈ ನಾನು ಇನ್ನೊಂದು ನೋಡಿಲ್ಲ. ಸೋಮವಾರ ಬಾ."

ಸೋಮವಾರ ಮ್ಯಾನೇಜರ ಮುಂದೆ, ಹೊಸ ಮಿಸ್ಸನ್ನೂ ಕರೆಸಿ, ಮೂರು ಮಾತು ಹೇಳಿದರು. ನೋಟೀಸು ಕಿತ್ತುಹಾಕಿ. ಕನ್ನಡಕದ ಹುಡುಗಿಗೆ ಬೇರೆ ಬಟ್ಟೆ ಕೊಡಿ. ಚೀಟಿ ಇನ್ನೊಮ್ಮೆ ಬರೆಸಿ, ನಾನು ಹೊರಗೆ ನಿಂತಿರುತ್ತೇನೆ. "ದೂರು ಕೊಟ್ಟದ್ದು ಹೊಟ್ಟೆಕಿಚ್ಚಿಗೆ" ಎಂದು ಅಲ್ಲೂ ಹೇಳಿದರು. ಹೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ. ಹೊಸ ಮಿಸ್ ಕಣ್ಣು ತುಂಬಿಕೊಂಡು, "ಟೀಚರ್, ಚೀಟಿ ಬೇಡ ಬಿಡಿ" ಎಂದಾಗ ಅವಳ ಒಳ್ಳೆಯತನಕ್ಕೂ ಸಿಟ್ಟು ಬಂತು. "ಬೇಕು" ಎಂದರು.

ಈ ಸಲ ಅವರ ಕೋಣೆಗೆ ಬಂದದ್ದು ಏಳು ಚೀಟಿ. ಎರಡೋ ಮೂರೋ ಎಂದು ಲೆಕ್ಕ ಹಾಕಿದ್ದವರಿಗೆ ಏಳು ಹೆಚ್ಚೇ. ಹನ್ನೆರಡಕ್ಕೆ ಮಾತ್ರ ಸಾಲದು. ಹೊಸ ಅವಧಿಗೆ ಅವರ ಕೋಣೆಗೆ ಬೀಗ ಬಿತ್ತು, ಮಷಿನ್ನುಗಳೆಲ್ಲ ಎದುರಿಗೆ ಹೋದವು, ಟೀಚರ್ ಕಾರಿಡಾರಿನ ಕೊನೆಯ ಉಗ್ರಾಣಕ್ಕೆ ಬಂದರು. ಅರ್ಧ ಬಾಗಿಲು, ಒಂದು ಮೇಜು, ಮೂರು ಕಡೆ ದಾರದ ಕಪಾಟು. ಹುಡುಗಿಯರು ಬಂದು ಬಣ್ಣ ಹೇಳುತ್ತಾರೆ, ಇವರು ತೆಗೆದುಕೊಡುತ್ತಾರೆ. ಕಾರಿಡಾರಿನ ಆಚೆ ತುದಿಯಿಂದ ದಿನವೂ ನಗು. ಕಿವಿಗೆ ಹತ್ತಿ ಇಟ್ಟುಕೊಂಡರೂ ಕೇಳುವಂಥ ನಗು. ಹೊಟ್ಟೆ ಉರಿ ಹೋಗಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ದಾರ ಸುತ್ತಿಡುವಾಗಲೂ ಅವರ ಅರ್ಧ ಕಿವಿ ಅಲ್ಲೇ.

ಮೂರನೆಯ ವಾರ, ಪಾಠ ನಡೆಯುವ ಹೊತ್ತಿನಲ್ಲಿ ಅರ್ಧ ಬಾಗಿಲಿನಾಚೆ ಕನ್ನಡಕದ ಹುಡುಗಿ ನಿಂತಿದ್ದಳು. ಒಂದು ಕೈ ಬೆನ್ನಹಿಂದೆ.

"ಯಾವ ಬಣ್ಣ?"

"ದಾರ ಬೇಡ ಟೀಚರ್."

"ಮತ್ತೆ ಗುಂಡೀನಾ?"

ಹುಡುಗಿ ಕೈ ಮುಂದೆ ಚಾಚಿದಳು. ಕೋಟಿನ ಕುತ್ತಿಗೆ, ಕತ್ತರಿ ಗೆರೆ ದಾಟಿ ಒಳಗೆ ನುಗ್ಗಿಬಿಟ್ಟಿತ್ತು. "ಹಾಳು ಮಾಡ್ಬಿಟ್ಟೆ."

ಟೀಚರ ಬಾಯಿಂದ ಹೊರಟ ಮಾತು ನೆಟ್ಟಗಿರಲಿಲ್ಲ. "ಯಾಕೆ, ನಿಮ್ಮ ಮಿಸ್ ಇಲ್ವಾ?"

"ಇದ್ದಾರೆ."

"ಮತ್ತೆ ಅವಳಿಗೇ ತೋರಿಸ್ಬೇಕಿತ್ತು."

"ತೋರಿಸ್ಬಹುದು. ಮಿಸ್ ಪರವಾಗಿಲ್ಲ ಅಂತಾರೆ, ಸಮಾಧಾನ ಆಗುತ್ತೆ" ಎಂದಳು ಹುಡುಗಿ. ಬಟ್ಟೆಯನ್ನು ಟೀಚರ ಕೈಗೆ ಕೊಟ್ಟು ಮುಂದುವರಿಸಿದಳು, "ನಂಗೆ ಎಷ್ಟು ಕೆಟ್ಟಿದೆ ಅಂತ ಸರಿಯಾಗಿ ಗೊತ್ತಾಗ್ಬೇಕು ಟೀಚರ್. ಅದಕ್ಕೇ ನಿಮ್ಮ ಹತ್ರ ಬಂದೆ."

ಟೀಚರ್ ತಮ್ಮ ಕನ್ನಡಕವನ್ನು ಮೂಗಿಗೇರಿಸಿ ಬಟ್ಟೆಯನ್ನು ಬೆಳಕಿಗೆ ಹಿಡಿದರು. ನಾಲಿಗೆಯ ತುದಿಗೆ ಹಳೆಯ ಬೈಗುಳ ಬಂದಿತ್ತು, ಹಿಡಿದು ನಿಲ್ಲಿಸಿದರು. "ಕೆಟ್ಟಿದೆ. ಚೆನ್ನಾಗೇ ಕೆಟ್ಟಿದೆ" ಎಂದರು. "ಒಳಗೆ ಬಾ. ಕೂತ್ಕೊ."

ಹುಡುಗಿ ಒಳಗೆ ಬಂದು ದಾರದ ಪೆಟ್ಟಿಗೆಯ ಮೇಲೆ ಕೂತಳು. ಅವಳ ಹಿಂದೆ ಬಾಗಿಲು ಹಾಕಲು ಹೋದ ಟೀಚರಿಗೆ, ಕಾರಿಡಾರಿನ ಆ ತುದಿಯಲ್ಲಿ ಹೊಸ ಮಿಸ್ ತನ್ನ ಕೋಣೆಯ ಹೊಸ್ತಿಲಲ್ಲಿ ನಿಂತು ಇತ್ತಲೇ ನೋಡುತ್ತಿರುವುದು ಕಂಡಿತು. ಅವಳ ಮುಖದಲ್ಲಿ ಇದ್ದದ್ದೇನೆಂದು ಟೀಚರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಷ್ಟು ದಿನ ಅದನ್ನು ಹೊತ್ತು ತಿರುಗಿದ್ದವರು ಅವರು. ಒಂದು ಗಳಿಗೆ ಪಾಪ ಎನಿಸಿತು.

ಒಂದೇ ಗಳಿಗೆ. ಬಾಗಿಲನ್ನು ಬೇಕೆಂದೇ ಹಾರುಹೊಡೆದಿಟ್ಟು, ಅಲ್ಲಿಗೆ ಕೇಳುವಷ್ಟು ಗಟ್ಟಿಯಾಗಿ, "ಎಲ್ಲಿ, ಕತ್ತರಿ ಹೇಗೆ ಹಿಡಿದಿದ್ದೆ ತೋರಿಸು" ಎಂದರು.